ನೀರು ಹಾಕಬಾರದ ಮರ

ಸಸ್ಯತೋಟದ ಕಚೇರಿಯಿಂದ ಪತ್ರ ಬಂದದ್ದು ಸೋಮವಾರ. ‘ತಮ್ಮ ದೂರಿನ ಬಗ್ಗೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮರದ ಬಳಿಯೇ ವಿಚಾರಣೆ.’ ಅವಳು ಮೂರು ಸಲ ಓದಿದಳು. ದೂರು ಹೋಗಿರುವುದೇ ಅವಳಿಗೆ ಗೊತ್ತಿರಲಿಲ್ಲ.

“ಏನ್ರೀ ಇದು?”

“ಆ ಮಾಲಿ ಹೆಂಗಸು ನಮ್ಮ ಮರದ ಕಡೆ ತಿರುಗಿಯೂ ನೋಡಲ್ಲ,” ಎಂದ ಗಂಡ, ಶೂ ಬಿಚ್ಚುತ್ತಾ. “ಒಂದು ಕಡೆ ವಾಲಿದೆ. ನೋಡ್ಕೊಂಡು ಬಾಯಿ ಮುಚ್ಕೊಂಡಿರ್ಲಾ?”

ಶೂಗೆ ಮತ್ತೆ ಕೆಂಪು ಕೆಸರು ಮೆತ್ತಿತ್ತು. ಮೂರು ತಿಂಗಳಿಂದ ಹೀಗೇ. ಊರಲ್ಲಿ ಒಂದು ಹನಿ ಮಳೆಯಿಲ್ಲ, ಇವನ ಶೂಗೆ ಮಾತ್ರ ಕೆಸರು. ಕೇಳಿದರೆ, “ರಸ್ತೆ ಅಗೀತಿದಾರೆ, ಪೈಪು ಒಡೆದಿದೆ” ಅನ್ನುತ್ತಿದ್ದ. ಅವಳು ಎಲ್ಲವನ್ನೂ ಗಮನಿಸುವವಳು. ಗಮನಿಸಿದ್ದನ್ನೆಲ್ಲ ಎದೆಯಲ್ಲಿಟ್ಟುಕೊಂಡು ಕುದಿಯುವವಳು. ಬೆಳಗಿನ ನಡಿಗೆಗೆಂದು ಐದೂವರೆಗೇ ಎದ್ದು ಹೋಗುವ ಗಂಡ ನಿಜಕ್ಕೂ ಎಲ್ಲಿಗೆ ಹೋಗುತ್ತಾನೋ ಎಂದು ಏನೇನೋ ಊಹಿಸಿದ್ದಳು. ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ. ಅವಳ ಮಡಿಲಲ್ಲೂ ಒಂದು ಗುಟ್ಟಿತ್ತಲ್ಲ.

ಸಸ್ಯತೋಟ ದೊಡ್ಡದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಕಾಲು ಬಿದ್ದುಹೋಗುವಷ್ಟು. ಹಿಂಬದಿಯ ಒಣಭೂಮಿ ವಿಭಾಗದಲ್ಲಿ ಮುಳ್ಳುಗಳ್ಳಿ, ಕಲ್ಲುಗುಂಡು, ಮತ್ತು ಕುಳ್ಳನೆಯ, ಬುಡ ಉಬ್ಬಿದ ಮರಗಳು. ಜನ ಅವನ್ನು ಹೊಟ್ಟೆಮರ ಅನ್ನುತ್ತಾರೆ. ಆ ಹೊಟ್ಟೆಯಲ್ಲೇ ವರ್ಷಕ್ಕಾಗುವಷ್ಟು ನೀರು ಕೂಡಿಟ್ಟುಕೊಂಡು, ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿಸಿ ಮಲಗಿಬಿಡುತ್ತವೆ. “ಅಮ್ಮಾ, ಚಿಕ್ಕಪ್ಪ ಊಟ ಮುಗಿಸಿ ನಿಂತ ಹಾಗಿದೆ,” ಎಂದು ಮಗಳು ಎಂಟು ವರ್ಷದವಳಿದ್ದಾಗ ನಕ್ಕಿದ್ದಳು. ಹತ್ತೊಂಬತ್ತಕ್ಕೆ ಅವಳು ಹೋದಮೇಲೆ ಅದೇ ಮರವನ್ನು ಅವಳ ನೆನಪಿಗೆ ತೋಟದಿಂದ ದತ್ತು ಪಡೆದಿದ್ದರು. ಬುಡದಲ್ಲೊಂದು ತಗಡಿನ ಫಲಕ: ಅವಳ ಹೆಸರು, ಎರಡು ಇಸವಿ. ಹತ್ತು ಹೆಜ್ಜೆಯಾಚೆ ತೋಟದವರ ಹಲಗೆ: ‘ಈ ವಿಭಾಗದ ಗಿಡಮರಗಳಿಗೆ ನೀರು ಹಾಕಬಾರದು.’

ಆ ಹಲಗೆ ಓದಲು ಬರದವಳೇನಲ್ಲ ಅವಳು. ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ಆದರೆ ಹಲಗೆ ಬರೆದವರು ಅವಳ ಮಗಳನ್ನು ನೋಡಿರಲಿಲ್ಲ.

ಮಗಳ ಕಿಡ್ನಿ ಕೈಕೊಟ್ಟಾಗ ಡಾಕ್ಟರು ಹೇಳಿದ್ದರು, “ದಿನಕ್ಕೆ ಅರ್ಧ ಲೀಟರ್. ಅದರ ಮೇಲೆ ಒಂದು ಗುಟುಕೂ ಕೊಡಬೇಡಿ.” ಅಳೆದು ಕೊಡುವ ಕೆಲಸ ಅವಳ ಪಾಲಿಗೆ ಬಂತು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದಳು. “ಇನ್ನೊಂದೇ ಒಂದು ಮುಚ್ಚಳ, ಅಮ್ಮಾ,” ಎಂದು ಮಗಳು ಅಂಗಲಾಚುವಾಗ ಗಂಡ ಎದ್ದು ವರಾಂಡಕ್ಕೆ ಹೋಗುತ್ತಿದ್ದ. ಇವಳು ಕಲ್ಲಾಗಿ ಕೂತಿರುತ್ತಿದ್ದಳು. ಕೊನೆಯ ದಿನ ಸಂಜೆಗೆಂದು ಮೂರು ಮುಚ್ಚಳ ನೀರು ಉಳಿಸಿಟ್ಟಿದ್ದಳು. ಮಗಳಿಗೆ ಸಂಜೆಯಾಗಲಿಲ್ಲ.

ಹಾಗಾಗಿ ಪ್ರತಿ ಬುಧವಾರ ಮಧ್ಯಾಹ್ನ, ಕಾಲೇಜು ಬೇಗ ಬಿಡುವ ದಿನ, ಅವಳು ಚೀಲದಲ್ಲಿ ಒಂದು ಬಾಟಲಿ ನೀರಿಟ್ಟುಕೊಂಡು ಬರುತ್ತಿದ್ದಳು. ಆಚೀಚೆ ನೋಡಿ, ಬುಡಕ್ಕೆ ಸುರಿದು, ಕದ್ದವಳ ಹಾಗೆ ಹೊರಟುಬಿಡುತ್ತಿದ್ದಳು.

ಶುಕ್ರವಾರ ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ತೋಟದ ಅಧಿಕಾರಿ ಕೊಡೆ ಹಿಡಿದು ನಿಂತಿದ್ದರು. ಮಾಲಿಯಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದಿದ್ದಳು. ಮರ ನಿಜಕ್ಕೂ ವಾಲಿತ್ತು, ಕುಡಿದವರ ಹಾಗೆ.

“ಏನಮ್ಮಾ, ನೋಡಿಕೊಳ್ಳೋದು ಅಂದ್ರೆ ಇದೇನಾ?” ಎಂದರು ಅಧಿಕಾರಿ.

“ಇಲ್ಲಿ ನೋಡಿ ಸಾರ್.” ಮಾಲಿಯಮ್ಮ ಬುಡವನ್ನು ಹೆಬ್ಬೆರಳಿಂದ ಒತ್ತಿದಳು. ಬೆರಳು ಒಳಗೇ ಇಳಿಯಿತು, ಕೊಳೆತ ಹಣ್ಣಿನೊಳಗೆ ಇಳಿದ ಹಾಗೆ. ಹುಳಿ ವಾಸನೆ ಬಂತು. “ಬೇರೇ ಕೊಳೆತಿದೆ. ಮಲಗಿರೋ ಮರಕ್ಕೆ ಯಾರೋ ನೀರು ಕುಡಿಸಿದಾರೆ.”

“ಯಾರೋ ಅಂದ್ರೆ? ಈ ಜಾಗದ ಹೊಣೆ ನಿಂದು.”

“ಈ ಕಡೆ ಪೈಪೇ ಇಲ್ಲ ಸಾರ್. ನಲ್ಲಿ ಇರೋದು ಗೇಟಿನ ಹತ್ತಿರ. ಅಲ್ಲಿಂದ ಹೊತ್ತು ತಂದು ನೀರು ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ? ಹಾಕಬೇಕಾದವಕ್ಕೇ ಹಾಕಿ ಸೊಂಟ ಹೋಗಿದೆ.”

“ಇದು ನಿನ್ನ ಮೇಲೆ ಎರಡನೇ ದೂರು. ನಾಳೆಯಿಂದ ಬರಬೇಡ ಅಂದ್ರೆ ನನ್ನನ್ನು ಬೈಕೋಬೇಡ.”

ಸಲಾಕೆ ಹಿಡಿದ ಮಾಲಿಯಮ್ಮನ ಬೆರಳ ಗಿಣ್ಣುಗಳು ಬೆಳ್ಳಗಾದದ್ದು ಇವಳಿಗೆ ಕಂಡಿತು. ಗಂಡ ಫಲಕವನ್ನೇ ನೋಡುತ್ತ ನಿಂತಿದ್ದ.

“ನಾನು ಹಾಕಿದ್ದು,” ಎಂದಳು ಅವಳು. ಚೀಲದಿಂದ ಬಾಟಲಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. “ಪ್ರತಿ ಬುಧವಾರ. ಇವರದ್ದೇನೂ ತಪ್ಪಿಲ್ಲ.”

ಅಧಿಕಾರಿ ಕೊಡೆ ಇಳಿಸಿದರು. ಮಾಲಿಯಮ್ಮ ಬಾಟಲಿಯನ್ನು ನೋಡಿದಳು, ಮರವನ್ನು ನೋಡಿದಳು. ಸಲಾಕೆಯನ್ನು ನೆಲಕ್ಕೆ ತಿವಿದು ಎಳೆದಳು. ಮೊಣಕೈ ಉದ್ದ ಕೆಂಪು ಕೆಸರು ಅಂಟಿಕೊಂಡು ಬಂತು.

“ಇಲ್ಲಕ್ಕಾ. ವಾರಕ್ಕೊಂದು ಬಾಟಲಿ ಈ ಬಿಸಿಲಿಗೆ ಯಾವ ಲೆಕ್ಕ? ಇದು ದಿನಾ ಬಕೆಟ್ ಬಕೆಟ್ ಸುರಿದ ಕೆಲಸ.”

ಇವಳು ಸಲಾಕೆಯ ಕೆಸರನ್ನು ನೋಡಿದಳು. ಆಮೇಲೆ ಗಂಡನ ಶೂ ನೋಡಿದಳು. ಮೂರು ತಿಂಗಳು ಎದೆಯಲ್ಲಿ ಕುದಿದದ್ದೆಲ್ಲ ಒಮ್ಮೆಗೇ ಆರಿ, ಅದಕ್ಕಿಂತ ಭಾರವಾದದ್ದೇನೋ ಬಂದು ಕೂತಿತು.

“ರೀ,” ಎಂದಳು.

“ಬೆಳಿಗ್ಗೆ ಹೊತ್ತು ಯಾರೂ ಇರಲ್ಲ,” ಎಂದ ಅವನು, ಯಾರ ಮುಖವನ್ನೂ ನೋಡದೆ. “ಗೇಟಿನ ನಲ್ಲಿಯಿಂದ ತರ್ತಿದ್ದೆ. ಎಷ್ಟು ಹಾಕಿದ್ರೂ ಎಲೆ ಬರಲಿಲ್ಲ. ಇವರು ಹಾಕ್ತಿಲ್ಲ, ನಾನೊಬ್ಬ ಹಾಕಿದ್ದು ಸಾಲ್ತಿಲ್ಲ ಅಂದ್ಕೊಂಡೆ. ಅದಕ್ಕೇ ದೂರು ಬರೆದೆ.”

ಅಧಿಕಾರಿ ದೂರನ್ನು ಮಡಚಿ ಜೇಬಿಗಿಟ್ಟು, “ಮರ ಇವತ್ತೇ ತೆಗೀಬೇಕು, ಪಕ್ಕದವಕ್ಕೂ ಹತ್ತುತ್ತೆ,” ಎಂದು ಹೊರಟುಹೋದರು. ಗಂಡ ಮಾಲಿಯಮ್ಮನಿಗೆ ಕೈಮುಗಿದ. ಅವಳು ಅದನ್ನು ತೆಗೆದುಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. “ನನ್ನ ಅನ್ನಕ್ಕೆ ಮಣ್ಣು ಹಾಕ್ತಿದ್ರಲ್ಲ ಸ್ವಾಮಿ,” ಎಂದಳು ಅಷ್ಟೇ. ಆಮೇಲೆ ಮರದ ತುದಿಯಲ್ಲಿ ಇನ್ನೂ ಗಟ್ಟಿಯಾಗಿದ್ದ ಒಂದು ಕೊಂಬೆ ಹುಡುಕಿ, ಮೊಳದುದ್ದ ಕತ್ತರಿಸಿ ಇವಳ ಕೈಗಿಟ್ಟಳು.

“ಮೂರು ವಾರ ನೆರಳಲ್ಲಿಡಿ ಅಕ್ಕಾ. ಕತ್ತರಿಸಿದ ಬಾಯಿ ಒಣಗಬೇಕು. ಆಮೇಲೆ ತನ್ನಿ, ನೆಟ್ಟುಕೊಡ್ತೀನಿ. ಅಲ್ಲಿವರೆಗೆ ಒಂದು ಹನಿ ನೀರು ತಾಕಿಸಬೇಡಿ. ಕೈ ತಡೀರಿ, ಇಬ್ಬರೂ.”

ಕೊಂಬೆಯನ್ನು ಮಗಳ ಕೋಣೆಯ ಕಪಾಟಿನ ಮೇಲೆ, ಹಳೆಯ ಪೇಪರಿನ ಮೇಲೆ ಮಲಗಿಸಿದರು. ದಿನದಿನಕ್ಕೆ ಅದರ ಸಿಪ್ಪೆ ಸುಕ್ಕಾಗುತ್ತ ಬಂತು, ಮಗಳ ತುಟಿ ಆಗಿದ್ದ ಹಾಗೆ. ಇಬ್ಬರೂ ಆ ಕೋಣೆಗೆ ನೆಪ ಹುಡುಕಿಕೊಂಡು ಹೋಗಿ ಬರುತ್ತಿದ್ದರು. ಒಬ್ಬರು ಹೋದರೆ ಇನ್ನೊಬ್ಬರು ಕಿವಿ ನಿಮಿರಿಸಿ ಕೂತಿರುತ್ತಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು. ಹೆಜ್ಜೆಗಳು ಮಗಳ ಕೋಣೆಯ ಕಡೆ ಹೋದವು. ಅವಳು ಎದ್ದು ಹೋದಳು.

ಗಂಡ ಕಪಾಟಿನ ಮುಂದೆ ನಿಂತಿದ್ದ. ಕೈಯಲ್ಲಿ ತುಂಬಿದ ಲೋಟ.

“ನನಗೆ ಕುಡಿಯೋಕೆ ತಂದೆ,” ಎಂದ.

“ಹಾಗಾದ್ರೆ ಕುಡೀರಿ.”

ಅವನು ಲೋಟ ನೋಡಿದ, ಕೊಂಬೆ ನೋಡಿದ. ಬಾಗಿಲ ಕಡೆಗೊಮ್ಮೆ ನೋಡಿದ. ಈ ಸಲ ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಲೋಟ ತುಟಿಗೆತ್ತಿ ಒಂದೊಂದೇ ಗುಟುಕು ನುಂಗಿದ. ಗಂಟಲಲ್ಲಿ ಪ್ರತಿ ಗುಟುಕೂ ಇಳಿಯುವುದನ್ನು ಅವಳು ಕಣ್ಣು ಕದಲಿಸದೆ ಎಣಿಸಿದಳು. ತಳದಲ್ಲಿ ಸ್ವಲ್ಪ ಉಳಿದಾಗ ಅವನು ನಿಲ್ಲಿಸಿದ.

“ಅದನ್ನೂ,” ಎಂದಳು ಅವಳು.