ಭರಮವ್ವನ ಕಿವಿಗೆ ಒಪ್ಪಿದ ಹಕ್ಕಿ

ಭರಮವ್ವನ ಎರಡೂ ಕಣ್ಣು ಪೂರ್ತಿ ಹೋದದ್ದು ಎರಡು ಸಾವಿರದ ಇಸವಿಯ ದೀಪಾವಳಿಯ ಹೊತ್ತಿಗೆ. ಕಣ್ಣಿನ ನರವೇ ಒಣಗಿದೆ, ಆಪರೇಶನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಒಬ್ಬಳೇ ಮಗಳು ಪ್ರಮಿಳಾ ಊರಾದ ಪಾರಿಶ್ವಾಡದ ಮನೆಗೆ ಕೀಲಿ ಹಾಕಿ ಅವ್ವನನ್ನು ಬೆಳಗಾವಿಗೆ ಕರೆತಂದಳು. ಪ್ರಮಿಳಾಗೆ ಮೂವತ್ತೆಂಟು ವಯಸ್ಸು. ಮದುವೆಯಾಗಿರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್. ಸದಾಶಿವನಗರದಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದಳು.

ಊರಿನಲ್ಲಿ ಭರಮವ್ವ ಒಂದು ದಿನವೂ ಸುಮ್ಮನೆ ಕುಳಿತವಳಲ್ಲ. ಇಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಹೊರಟಳೆಂದರೆ ಸಂಜೆ ಆರರ ತನಕ ಗೋಡೆ ಹಿಡಿದು ಈ ಕೋಣೆಯಿಂದ ಆ ಕೋಣೆಗೆ ತಿರುಗುವುದೇ ಅವಳ ಕೆಲಸವಾಯಿತು. ರೇಡಿಯೊ ಹಚ್ಚಿಟ್ಟು ಹೋದರೆ ಆರಿಸಿಬಿಡುತ್ತಿದ್ದಳು. ಅದು ತಾನು ಹೇಳುವುದನ್ನಷ್ಟೇ ಹೇಳುತ್ತದೆ, ನಾನು ಅಂದದ್ದನ್ನು ಕೇಳುವುದಿಲ್ಲ ಎಂಬುದು ಅವಳ ತಕರಾರು. ಫೆಬ್ರುವರಿಯ ಒಂದು ಮಧ್ಯಾಹ್ನ ಮೆಟ್ಟಿಲಿಳಿದು ರಸ್ತೆಗೇ ಹೋಗಿಬಿಟ್ಟಳು. ಪಾರಿಶ್ವಾಡದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೋಗಿಬರುವವರನ್ನೆಲ್ಲ ಕೇಳುತ್ತ ನಿಂತಿದ್ದವಳನ್ನು ಕೆಳಗಿನ ಮನೆಯ ಮಾಲಕರು ಕೈಹಿಡಿದು ಕರೆತಂದರು.

ಮರುದಿನದಿಂದ ಪ್ರಮಿಳಾ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗತೊಡಗಿದಳು. ಅವ್ವನಿಗೆ ಕೇಳಿಸಬಾರದೆಂದು ಉಸಿರು ಬಿಗಿಹಿಡಿದು ಮೆಲ್ಲಗೆ ಹಾಕುತ್ತಿದ್ದಳು. ಕಚೇರಿಯಲ್ಲಿ ಕೈ ತಪ್ಪಿ ಒಂದೇ ಕಾಗದವನ್ನು ಮೂರು ಮೂರು ಸಲ ಟೈಪು ಮಾಡಬೇಕಾಗುತ್ತಿತ್ತು. ಒಳಗೆ ಅವ್ವ ಬಿದ್ದರೆ ಏನು ಗತಿ, ಸ್ಟೋವಿಗೆ ಕೈ ಹಾಕಿದರೆ ಬಾಗಿಲು ತೆಗೆಯುವವರು ಯಾರು ಎಂದು ಜೀವ ಹೊಯ್ದಾಡುತ್ತಿತ್ತು.

ಮನೆಯಲ್ಲೊಂದು ಹಕ್ಕಿ ಸಾಕುವ ವಿಚಾರ ಬಂದದ್ದು ಆಗ. ಮಾತಾಡುವ ಗಿಳಿ ಇದ್ದರೆ ಅವ್ವನಿಗೆ ಜೊತೆಯಾಗುತ್ತದೆ ಎಂದುಕೊಂಡು, ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ದೊಡ್ಡವ್ವನ ಮಗ ಬಾಳೇಶನಿಗೆ ಫೋನು ಮಾಡಿದಳು. ಬರುವ ರವಿವಾರದೊಳಗೆ ಒಂದು ಮರಿ ಹಿಡಿದಿಡುತ್ತೇನೆ, ಫಾರೆಸ್ಟಿನವರ ಕಣ್ಣಿಗೆ ಬೀಳದಂತೆ ಒಯ್ಯಬೇಕು ಅಷ್ಟೇ ಎಂದ.

ಸುದ್ದಿ ಕೇಳಿ ಭರಮವ್ವ ನಕ್ಕಳು. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು, ಕವಣೆ ಬೀಸಿ ಗಿಳಿಗಳನ್ನು ಓಡಿಸುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಈಗ ಆ ಕಳ್ಳರನ್ನೇ ಕರೆದು ಕೂಳು ಹಾಕಬೇಕೇನು ಎಂದು ಕೇಳಿದಳು. ಆದರೂ ಹೊರಗೆ ಹೋಗುವುದು ಸಿಕ್ಕಿತಲ್ಲ ಎಂದು ರವಿವಾರ ಮಗಳ ಜೊತೆ ಖಾನಾಪುರಕ್ಕೆ ಹೊರಟಳು. ರೈಲಿನಲ್ಲಿ ಒಂದು ಕಡೆ ಕೂರಲಿಲ್ಲ. ದೇಸೂರ ಸ್ಟೇಶನ್ ಬಂತೇನು, ದೇಸೂರ ದಾಟಿತೇನು ಎಂದು ಕೇಳುತ್ತ ಮೂರು ಸಲ ಎದ್ದು ನಿಂತಳು.

ಬಾಳೇಶ ಮರಿಯನ್ನು ಹಿತ್ತಲಿನಲ್ಲಿ ಬಿದಿರಿನ ಬುಟ್ಟಿ ಡಬ್ಬು ಹಾಕಿ ಅದರಡಿ ಇಟ್ಟಿದ್ದ. ರೆಕ್ಕೆ ಬಲಿತಿದ್ದವು, ಬಾಲ ಇನ್ನೂ ಮೋಟು. ಬುಟ್ಟಿಯೊಳಗೆ ಸುತ್ತು ಹಾಕುತ್ತ, ಕೊಕ್ಕಿನಿಂದ ಒಂದೊಂದೇ ಬಿದಿರ ಕಡ್ಡಿಯನ್ನು ಎಳೆದು ನೋಡುತ್ತಿತ್ತು. ಬೇಲಿಯಾಚೆಯ ಮಾವಿನ ಮರದಲ್ಲಿ ಎರಡು ದೊಡ್ಡ ಗಿಳಿಗಳು ಬಿಟ್ಟೂಬಿಡದೆ ಚೀರುತ್ತಿದ್ದವು. ಭರಮವ್ವ ನೆಲಕ್ಕೆ ಕುಳಿತು ಬುಟ್ಟಿಗೆ ಕಿವಿ ಹಚ್ಚಿದಳು. ಆಮೇಲೆ ಮರದಲ್ಲಿ ಕೂಗುತ್ತಿರುವವು ಇದರ ತಾಯಿತಂದೆಯೇನು ಎಂದು ಕೇಳಿದಳು.

"ಹೌದು ಚಿಗವ್ವ. ನಿನ್ನೆಯಿಂದ ಒದರಾಕತ್ತಾವು. ಎರಡು ದಿನಕ್ಕ ಮರೀತಾವ ಬಿಡು," ಎಂದ ಬಾಳೇಶ.

"ಅವು ಮರೀಲಿ. ಇದು ಮರೀತೈತೇನು?" ಎನ್ನುತ್ತ ಭರಮವ್ವ, ಮಗಳು ನಿಂತ ದಿಕ್ಕಿಗೆ ಮುಖ ತಿರುಗಿಸಿದಳು. "ಪಮ್ಮಿ, ನೀ ಹೊರಗಿಂದ ಚಿಲಕ ಹಾಕೂದು ನನಗ ತಿಳಿಯೂದಿಲ್ಲ ಅಂತ ಮಾಡಿಯೇನು? ದಿನಾ ಬಾಗಲಾ ಜಗ್ಗಿ ನೋಡತೇನಿ."

ಬಾಳೇಶ ಇಬ್ಬರನ್ನೂ ನೋಡಿದ. ಏಣಿ ತಂದು ಮರಕ್ಕೆ ಆನಿಸಿ, ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಪೊಟರೆಗೆ ಬಿಟ್ಟು ಬಂದ. ದೊಡ್ಡ ಗಿಳಿಗಳು ಅವನ ತಲೆಯ ಮೇಲೆಯೇ ಎರಗಿದವು. ತಾಯಿಮಗಳು ಬರಿಗೈಯಲ್ಲಿ ಮರಳಿ ರೈಲು ಹತ್ತಿದರು.

ಸೋಮವಾರ ಪ್ರಮಿಳಾ ಚಿಲಕ ಹಾಕದೆ ಬಾಗಿಲನ್ನು ಬರೀ ಮುಂದೆ ಮಾಡಿ ಹೊರಟಳು. ಮೆಟ್ಟಿಲ ಕಡೆ ಕಿವಿಯಿಡಲು ಮಾಲಕರ ಹೆಂಡತಿಗೆ ಹೇಳಿದ್ದಳು. ಆದರೂ ಅಂದು ಕಚೇರಿಯಿಂದ ಅವರ ಮನೆಗೆ ಐದು ಸಲ ಫೋನು ಮಾಡಿದಳು.

ಹಕ್ಕಿಯ ಆಸೆಯನ್ನು ಅವಳು ಬಿಡಲಿಲ್ಲ. ಶನಿವಾರ ಅರ್ಧ ದಿನ ರಜೆ ಹಾಕಿ, ಪೇಟೆಯ ಹಿಂದಿನ ಓಣಿಯಲ್ಲಿ ಹಕ್ಕಿ ಮಾರುತ್ತಿದ್ದ ಮೌಲಾಸಾಬನ ಅಂಗಡಿಗೆ ಅವ್ವನನ್ನು ಕರೆದುಕೊಂಡು ಹೋದಳು. ಮುದುಕ ಮೌಲಾಸಾಬ ಹಕ್ಕಿ ತೋರಿಸುವ ಮೊದಲು ಹತ್ತು ಪ್ರಶ್ನೆ ಕೇಳಿದ. ಮನೆಯಲ್ಲಿ ಬೆಕ್ಕು ಬರುತ್ತದೆಯೇ? ಸ್ಟೋವು ಎಲ್ಲಿದೆ? ಹಗಲು ಹಕ್ಕಿಯ ಜೊತೆ ಯಾರಿರುತ್ತಾರೆ? ಆ ಕೊನೆಯ ಪ್ರಶ್ನೆಗೆ ಭರಮವ್ವ ತಾನೇ ಉತ್ತರ ಕೊಟ್ಟಳು. "ನಾ ಇರತೇನಿ. ಕಣ್ಣ ಕಾಣೂದಿಲ್ಲ. ಅಡವ್ಯಾಗ ಹಿಡಿದದ್ದು ಬ್ಯಾಡ ನನಗ."

"ಇವು ಪಂಜರದಾಗ ಹುಟ್ಟಿದ್ವು ಆಯಿ. ಇವರಜ್ಜನೂ ಪಂಜರದಾಗ ಹುಟ್ಟಿದಾಂವ. ಹೊರಗ ಬಿಟ್ಟರ ಕಾಗಿ ಬಿಡೂದಿಲ್ಲ," ಎಂದ ಮೌಲಾಸಾಬ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೊಂದೇ ಪಂಜರವನ್ನು ಹತ್ತಿರ ತಂದಿಟ್ಟ. ಫಿಂಚು ಎಂಬ ಕೆಂಪು ಕೊಕ್ಕಿನ ಪುಟ್ಟ ಹಕ್ಕಿಗಳು ಪೀಪಿ ಊದಿದಂತೆ ಕೂಗಿದವು. ಅದು ತಲೆಗೆ ಹತ್ತುತ್ತದೆ ಎಂದು ಭರಮವ್ವ ಬೇಡವೆಂದಳು. ಪಾರಿವಾಳದ ಗುಟುರು ಹೊಟ್ಟೆನೋವಿನವರ ನರಳಾಟದಂತಿದೆ ಎಂದಳು. ಲವ್ ಬರ್ಡ್ಸ್ ಇಟ್ಟಾಗ ಮಾತ್ರ ತಲೆ ಓರೆ ಮಾಡಿ ಕೇಳಿದಳು. ನೀರು ತರಲು ನಿಂತ ಹೆಂಗಸರ ಹಾಗೆ ಅವು ಒಂದೇ ಸಮ ವಟಗುಟ್ಟುತ್ತಿದ್ದವು. ಇವೇ ಇರಲಿ ಎಂದಳು.

ಹಣೆಯ ಗೆರೆಗಳು ಮೂಗಿನ ತನಕ ಇಳಿದಿದ್ದರೆ ಎಳೆಯವು, ಬೇಗ ಹೊಂದಿಕೊಳ್ಳುತ್ತವೆ ಎನ್ನುತ್ತ ಮೌಲಾಸಾಬ ಅಂಥ ಎರಡು ಹಸಿರು ಹಕ್ಕಿಗಳನ್ನು ಆರಿಸಿದ. ಎರಡೂ ಗಂಡಾದರೆ ಮೊಟ್ಟೆಮರಿಯ ಕಾಟವಿಲ್ಲ, ಮಾತೂ ಹೆಚ್ಚು ಎಂದ. ತಿನ್ನಲು ನವಣೆ ಕೊಟ್ಟ. ಇನ್ನೂ ಏನೇನೋ ಹೇಳುತ್ತಿದ್ದ. ಪ್ರಮಿಳಾ ಬಸ್ಸಿನ ಗಡಿಬಿಡಿಯಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಳು.

ಮೊದಲ ಮೂರು ದಿನ ಹಕ್ಕಿಗಳು ತುಟಿಪಿಟಕ್ಕೆನ್ನಲಿಲ್ಲ. ಅಂಗಡಿಯಲ್ಲಿ ಅಷ್ಟು ಮಾತಾಡಿದವು ಇಲ್ಲಿ ಮೂಕಾದವಲ್ಲ ಎಂದು ಭರಮವ್ವ ಪಂಜರದ ಸುತ್ತ ಸುಳಿದಾಡಿದಳು. ನಾಲ್ಕನೆಯ ದಿನ ಸಣ್ಣಗೆ ದನಿ ತೆಗೆದವು. ಆರನೆಯ ದಿನ ಬೆಳಿಗ್ಗೆ ಮತ್ತೆ ಸದ್ದಿಲ್ಲ. ಪ್ರಮಿಳಾ ಹೋಗಿ ನೋಡಿದರೆ ಒಂದು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿತ್ತು. ಬಟ್ಟಲು ತುಂಬಿಯೇ ಇತ್ತು; ವಾರವೆಲ್ಲ ತುಂಬಿಯೇ ಕಾಣುತ್ತಿದ್ದುದರಿಂದ ಅವಳು ಕಾಳು ಹಾಕಲು ಹೋಗಿರಲಿಲ್ಲ. ಏನೋ ಜಡ್ಡು ಬಂದಿದೆ, ಮೌಲಾಸಾಬನಿಗೆ ತೋರಿಸಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದಳು.

ಭರಮವ್ವ ತಡವರಿಸಿ ಪಂಜರದೊಳಗೆ ಕೈ ಹಾಕಿ ಬಟ್ಟಲನ್ನು ಹೊರತೆಗೆದಳು. ಬೆರಳು ಆಡಿಸಿದಳು, ಒಂದು ಚಿಟಿಕೆ ತೆಗೆದು ಹಲ್ಲಿನ ನಡುವೆ ಇಟ್ಟು ನೋಡಿದಳು.

"ಕಣ್ಣಿದ್ದಾಕಿ, ಇದನ್ನ ಕಾಳ ಅಂತಿಯೇನು? ಬರೇ ಹೊಟ್ಟ ಐತಿ. ಸುಲಿದು ತಿಂದು ಸಿಪ್ಪಿ ಇದರಾಗ ಬಿಟ್ಟಾವು."

ಅವಳು ಬಟ್ಟಲಿಗೆ ಉಫ್ ಎಂದು ಊದಿದಳು. ಹೊಟ್ಟೆಲ್ಲ ಪ್ರಮಿಳಾಳ ಸೀರೆಯ ಮೇಲೆ ಹಾರಿತು. ಬಟ್ಟಲಿನ ತಳದಲ್ಲಿ ಉಳಿದದ್ದು ಏಳೆಂಟು ಕಾಳು. ಹೊಸ ನವಣೆ ಸುರಿದು ಒಳಗಿಟ್ಟು ಭರಮವ್ವ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಒಂದು ಹಕ್ಕಿ ಬಂತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದೂ ಬಂತು. ಕಾಳು ಸುಲಿಯುವ ಚಿಟಿಚಿಟಿ ಸದ್ದನ್ನು ಕೇಳುತ್ತಿದ್ದ ಅವಳು ಮಗಳಿಗೆ ಕೈಸನ್ನೆ ಮಾಡಿ ಹೋಗೆಂದಳು.

ಪ್ರಮಿಳಾ ಕಚೇರಿಗೆ ಒಂದು ತಾಸು ತಡವಾಗಿ ಮುಟ್ಟಿದಳು. ಹನ್ನೊಂದೂವರೆಗೆ ಫೋನು ಮಾಡಿದಾಗ ಮಾಲಕರ ಹೆಂಡತಿ ಎತ್ತಿದಳು. ನಿಮ್ಮವ್ವ ಕೆಳಗೆ ಇಳಿದಿಲ್ಲ, ಮೇಲೆ ಯಾರನ್ನೋ ಹೊಟ್ಟೆಬಾಕರೆಂದು ಬೈಯುತ್ತಿದ್ದಾರೆ, ಮನೆಗೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಬೈಯುತ್ತಿರುವುದು ಹಕ್ಕಿಗಳನ್ನು ಎಂದು ಹೇಳಿ ಪ್ರಮಿಳಾ ಫೋನಿಟ್ಟಳು. ಅವ್ವ ಇನ್ನೂ ಬೈಯುತ್ತಿದ್ದಾಳೇನು ಎಂದು ಕೇಳಲು ಹನ್ನೆರಡೂವರೆಗೆ ಮತ್ತೊಮ್ಮೆ ಮಾಡಿದಳು.