ತಾಯಿಯ ಚೀಲದ ಕಡಲೆ

ಬೆಟಗೇರಿಯ ಆ ಮನೆಯಲ್ಲಿ ಗದಿಗೆವ್ವ ಬೆಳಗಿನ ರೊಟ್ಟಿಯ ಜೊತೆಗೆ ಸೊಸೆಗೆ ಒಂದು ಮಾತನ್ನೂ ತಪ್ಪದೆ ಬಡಿಸುತ್ತಿದ್ದಳು.

“ಎರಡು ಹೆಣ್ಣ ಆದುವು. ಇನ್ನೊಂದು ಆಗಲಿ. ಮನಿತನಕ್ಕ ಒಂದು ಗಂಡ ಬೇಕಲ್ಲ?”

“ಡಾಕ್ಟರು ಬ್ಯಾಡ ಅಂದಾರ್ರಿ ಅತ್ತಿ,” ಎಂದು ಕಾಂಚನಾ ಮೊದಮೊದಲು ಹೇಳುತ್ತಿದ್ದಳು. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸಾವಿನ ಬಾಯಿಂದ ಹೊರಬಂದವಳು ಅವಳು. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಅವಳ ಗಂಡ ಅಂಬರೀಶನ ಎದುರಿಗೇ ಹೇಳಿದ್ದರು. ಈಗೀಗ ಅವಳು ಅದನ್ನೂ ಹೇಳುವುದಿಲ್ಲ. ಯಾರು ಏನೆಂದರೂ ಹೂಂ.

“ಸೋಮವಾರ ರಜಾ ಹಾಕ್ತೀನಿ,” ಎಂದ ಆ ಬೆಳಿಗ್ಗೆ ಅಂಬರೀಶ, ತಟ್ಟೆಯಿಂದ ತಲೆ ಎತ್ತದೆ. “ದವಾಖಾನಿಗೆ ಹೋಗಿ ಆ ಕಾಪರ್-ಟಿ ತಗಿಸಿಕೊಂಡು ಬರೂಣು. ಡಾಕ್ಟರು ಎಲ್ಲಾರಿಗೂ ಹಂಗ ಅಂಜಸ್ತಾರ. ಎರಡು ಹೆಣ್ಣಾದ ಮ್ಯಾಲ ಮೂರನೇದು ಗಂಡ ಗ್ಯಾರಂಟಿ.”

“ಹೂಂ,” ಎಂದಳು ಕಾಂಚನಾ. ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ನಡೆದಳು.

ಹಿರೇಹಂದಿಗೋಳದ ಹೈಸ್ಕೂಲಿನಲ್ಲಿ ಅವಳು ಹತ್ತನೆಯ ತರಗತಿಗೆ ವಿಜ್ಞಾನ, ಗಣಿತ ಎರಡನ್ನೂ ಕಲಿಸುತ್ತಾಳೆ. ಅಂದು, ಹುಟ್ಟುವ ಮಗು ಗಂಡೋ ಹೆಣ್ಣೋ ಹೇಗೆ ನಿರ್ಧಾರವಾಗುತ್ತದೆ ಎಂಬ ಪಾಠ. ಪ್ರತಿವರ್ಷ ಬೋರ್ಡಿನ ಮೇಲೆ ಎಕ್ಸ್, ವೈ ಎಂದು ಬರೆದು ಮುಗಿಸುತ್ತಿದ್ದಳು. ಈ ಸಲ ತರಬೇತಿಯಲ್ಲಿ ಒಂದು ಆಟ ಹೇಳಿಕೊಟ್ಟಿದ್ದರು. ಮಾಡಿಸಿ ಫೋಟೋ ಕಳಿಸಬೇಕಿತ್ತು. ಅದಕ್ಕೆಂದೇ ಮಾಡಿಸಿದಳು, ಬೇರೆ ಹುರುಪೇನೂ ಇರಲಿಲ್ಲ.

ಎರಡು ಬಟ್ಟೆಯ ಚೀಲ. ಕಡಲೆ ಎಂದರೆ ಎಕ್ಸ್, ಬಟಾಣಿ ಎಂದರೆ ವೈ. ತಾಯಿಯ ಚೀಲದಲ್ಲಿ ಬರೀ ಕಡಲೆ. ತಂದೆಯ ಚೀಲದಲ್ಲಿ ಅರ್ಧ ಕಡಲೆ, ಅರ್ಧ ಬಟಾಣಿ. ನೋಡದೆ ಎರಡರಿಂದಲೂ ಒಂದೊಂದು ಕಾಳು ತೆಗೆಯಬೇಕು. ಎರಡೂ ಕಡಲೆಯಾದರೆ ಹೆಣ್ಣು, ಒಂದು ಬಟಾಣಿ ಬಂದರೆ ಗಂಡು. ಬರೆದುಕೊಂಡು ಕಾಳುಗಳನ್ನು ಮತ್ತೆ ಆಯಾ ಚೀಲಕ್ಕೇ ಹಾಕಬೇಕು.

ವೀರು ಎಂಬ ಹುಡುಗನಿಗೆ ಎರಡು ಸಲವೂ ಹೆಣ್ಣು ಬಂತು. “ಮೂರನೇದು ಗಂಡ ಗ್ಯಾರಂಟಿರಿ ಮೇಡಂ!” ಎಂದು ತೋಳೇರಿಸಿದ. ಮತ್ತೆ ಎರಡೂ ಕಡಲೆ. ತರಗತಿಯೆಲ್ಲ ಹೋ ಎಂದಿತು.

“ಹಿಂದ ಏನ್ ಬಂದಿತ್ತು ಅಂತ ಚೀಲಕ್ಕೇನ್ ಗೊತ್ತಲೇ?” ಎಂದಳು ಕಾಂಚನಾ. “ಪ್ರತಿ ಸಲಾನೂ ಅರ್ಧಕ್ಕರ್ಧ. ಗಣಿತದಾಗ ಸಂಭವನೀಯತೆ ಅಂತ ಓದಿದ್ದು ಇದನ್ನ.” ಗ್ಯಾರಂಟಿ ಎಂಬ ಮಾತನ್ನು ಬೆಳಿಗ್ಗೆಯಷ್ಟೇ ಕೇಳಿ ಹೂಂ ಎಂದು ಬಂದಿದ್ದಳು.

ಮುಂದಿನ ಬೆಂಚಿನ ನಿಶಾತ ಎದ್ದು ನಿಂತಳು. “ಮೇಡಂ, ತಾಯಿ ಚೀಲದಾಗ ಬಟಾಣಿನ ಇಲ್ಲ. ಮತ್ತ ಹೆಣ್ಣ ಹಡದ್ರ ತಾಯಿನ್ನ ಯಾಕ ಬೈತಾರ್ರಿ?”

“ದೊಡ್ಡವರಿಗೆ ಗೊತ್ತಿರಂಗಿಲ್ಲವಾ.”

“ಗೊತ್ತಿದ್ದವರು ಹೇಳಬೇಕಲ್ರಿ?”

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಕಾಂಚನಾ ಎಷ್ಟೋ ವರ್ಷಗಳಿಂದ ಅಂಥ ದೀಪವಾಗಿದ್ದಳು. “ನಾಕು ಮಾರ್ಕಿನ ಪ್ರಶ್ನೆ, ಬರಕೋರಿ,” ಎಂದು ಬೋರ್ಡಿನತ್ತ ತಿರುಗಿದಳು. ಸಂಜೆ ಎರಡೂ ಚೀಲಗಳನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದಳು.

ಚಹದ ಹೊತ್ತಿಗೆ ಅವನ್ನು ಅತ್ತೆಯ ಮುಂದಿಟ್ಟು ಆಟ ವಿವರಿಸಿದಳು. ಅಂಬರೀಶ ನಕ್ಕ.

“ಸಾಲಿ ಆಟ ಸಾಲ್ಯಾಗ ಇರಲಿ. ಮಂದಿ ಬಾಳೇವು ಕಾಳಿನ ಮ್ಯಾಲ ನಡಿಯಂಗಿಲ್ಲ.”

“ಇದು ನನ್ನ ಜೀವದ ಮಾತರಿ,” ಎಂದಳು ಕಾಂಚನಾ. ಧ್ವನಿ ಏರಲಿಲ್ಲ. “ಮೂರನೇದೂ ಅರ್ಧಕ್ಕರ್ಧನ. ಅದಕ್ಕಾಗಿ ಸಾಯಾಕ ನಾ ತಯಾರಿಲ್ಲ. ಸೋಮವಾರ ನಾ ಬರಂಗಿಲ್ಲ.”

ಗದಿಗೆವ್ವನಿಗೆ ಈ ಮಾತು ಕೇಳಿಸಿತೋ ಇಲ್ಲವೋ. ಅವಳು ತಾಯಿಯ ಚೀಲವನ್ನು ಮೊರಕ್ಕೆ ಸುರುವಿ, ಒಂದೊಂದೇ ಕಾಳನ್ನು ಬೆರಳಿನಿಂದ ಸರಿಸಿ ನೋಡುತ್ತಿದ್ದಳು. ಅಂಬರೀಶ ಹುಟ್ಟುವ ಮೊದಲು ಆರು ಹೆಣ್ಣು ಹೆತ್ತವಳು ಅವಳು. ಹೆಣ್ಣು ಹೆತ್ತವಳಿಗೆ ತುಪ್ಪ ಬೇರೆ ಕೇಡು ಎಂದು ಅವಳ ಅತ್ತೆ ಬಾಣಂತನದಲ್ಲಿ ಬರೀ ರೊಟ್ಟಿ ಹಾಕಿದ್ದಳು. ಗಂಡ ಎರಡು ಸಲ ತವರಿಗಟ್ಟಿದ್ದ.

“ಬಟಾಣಿ ಒಂದೂ ಇಲ್ಲ,” ಎಂದಳು ಕೊನೆಗೆ. “ಇದು ಖರೆ ಏನ ಕಾಂಚನಾ?”

“ಖರೆರಿ ಅತ್ತಿ.”

“ಅಂಬರೀಶ, ರಜಾ ಹಾಕಬ್ಯಾಡ.”

“ಅವ್ವಾ, ದಿನಾ ಹೇಳಾಕಿ ನೀನ ಅಲ್ಲೇನ?”

“ಹೌದು, ನಾನ ಹೇಳ್ತಿದ್ದೆ. ಈಗೂ ನಾನ ಹೇಳಾಕ್ಹತ್ತೀನಿ.”

ಅಂಬರೀಶ ಚಹ ಅರ್ಧಕ್ಕೇ ಬಿಟ್ಟು ಹೊರಗೆ ಹೋದ. ಗದಿಗೆವ್ವ ಸೊಸೆಯತ್ತ ತಿರುಗಿದಳು. “ಇದನ್ನ ಎಷ್ಟ ವರ್ಷದಿಂದ ಕಲಸಾಕ್ಹತ್ತೀದಿ?”

“ಹತ್ತು ವರ್ಷಾತ್ರಿ.”

“ಹತ್ತು ವರ್ಷ! ಆರು ಹೆಣ್ಣ ಹಡದದ್ದು ನನ್ನ ತಪ್ಪ ಅಂತ ಇವತ್ತಿನ ತನಕ ತಿಳಕೊಂಡ ಕುಂತಿದ್ದೆ. ಊರ ಮಕ್ಕಳಿಗೆಲ್ಲಾ ಹೇಳಿದಿ. ನನಗ ಯಾಕ ಹೇಳಲಿಲ್ಲವಾ?”

ಎಷ್ಟೋ ತಿಂಗಳ ಮೇಲೆ ಕಾಂಚನಾಳಿಗೆ ಅಳು ಬಂತು.