ಅರವತ್ತು ಚೀಲದ ಪಂಕ್ತಿ

"ಥೂ ನಿನ್ನ! ಮೂವತ್ತನಾಕು? ಏ ಮುದುಕಿ, ಒಂದು ಸಿಮಿಟಿನ ಚೀಲದಷ್ಟರ ತೂಕ ಬ್ಯಾಡೇನಬೇ ಮನಷ್ಯಾಳಿಗಿ? ಇಳಿ, ಇಳಿ. ಮುಂದಿನಾಕಿ ಬಾ!"

ಕಬ್ಬಿಣ ತೂಗುವ ಕಾಟಾದ ಮೇಲೆ ಮರಗಮ್ಮ ಸೆರಗು ಬಿಗಿದುಕೊಂಡು ನಿಂತಿದ್ದಳು. ಠೇಕೇದಾರ ಶಿವರಾಯ ಎದುರಿಗೆ ಕುರ್ಚಿ ಹಾಕಿಸಿಕೊಂಡು ಒಂದೊಂದೇ ತೂಕ ಬರೆದುಕೊಳ್ಳುತ್ತಿದ್ದ.

"ನೀ ಹಾಕಿದ್ದು ತಿಂದೀನಿ, ಅದರದೇ ತೂಕ ಬಂದದ," ಅಂದಳು ಮರಗಮ್ಮ.

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಬಾಯಿ ಮಾತ್ರ ಕ್ವಿಂಟಲ್ ಅದ ಬೋಸುಡಿದು," ಅಂದ ಶಿವರಾಯ. ಅವನೂ ನಕ್ಕ. ಇವತ್ತು ಅವನು ನಗುವ ಮನಸ್ಸಿನಲ್ಲಿದ್ದ.

ಮುಂಬಯಿ ಹತ್ತಿರದ ಡೋಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಬಣ್ಣದ ಪುಡಿ ಮಾಡುವ ಒಂದು ಕಂಪನಿಯ ಹೊಸ ಆಫೀಸು ಅದು. ಕಟ್ಟಿದವರೆಲ್ಲ ಸುರಪುರ, ಶಹಾಪುರದ ಕಡೆಯ ಕೂಲಿ ಜನ. ಊರಲ್ಲಿ ಹೊರಕೇರಿಯವರು, ಇಲ್ಲಿ ನಾಲೆಯ ದಂಡೆಯವರು. ಶಿವರಾಯನೂ ಅದೇ ಕಡೆಯವನು, ಆದರೆ ಊರೊಳಗಿನವನು. ಎರಡು ವರ್ಷದಲ್ಲಿ ಒಂದು ದಿನವೂ ಇವರ ಕೈಯ ನೀರು ಮುಟ್ಟಿದವನಲ್ಲ. ಅಂಥವನು ಬೆಳಗ್ಗೆ ಜೋಪಡಿ ಜೋಪಡಿಗೆ ಬಂದು, ಶೇಠರು ಲೇಬರ್ ಮಂದಿಗೆ ಹೊಸ ಆಫೀಸಿನೊಳಗೇ ಊಟ ಹಾಕಿಸುತ್ತಾರೆ, ಪೂರಿ, ಬಟಾಟೆ ಭಾಜಿ, ಜಿಲೇಬಿ, ಹೆಂಡರು ಮಕ್ಕಳನ್ನೂ ಕರೆತನ್ನಿ ಅಂದಿದ್ದ. ತೂಕ ಯಾಕೆಂದು ಯಾರೋ ಕೇಳಿದ್ದಕ್ಕೆ, ಡಾಕ್ಟರು ಬರೆದುಕೊಂಡು ಬಾ ಅಂದಿದ್ದಾರೆ ಅಂತ ತೇಲಿಸಿದ್ದ. ಜಿಲೇಬಿಯ ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆಯನ್ನು ಯಾರು ಕೇಳುತ್ತಾರೆ?

ಮಾನಮ್ಮ ಎಂಟು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕಾಟಾ ಹತ್ತಿದಳು. ಕೂಸು ಸೇರಿ ನಲವತ್ತೊಂದು. ಅವಳ ಹಿಂದೆ ಗಂಡ ಸೈದಪ್ಪ ಕಾಲೆತ್ತಿ ಇಡುವಷ್ಟರಲ್ಲಿ ಶಿವರಾಯ ಕೈ ಅಡ್ಡ ಹಿಡಿದ.

"ನೀ ಬ್ಯಾಡ. ನಿಂದು ಕೆಳಗ ಕೆಲಸದ. ದೊಡ್ಡ ಹ್ಯಾಮರ್ ತಗೊಂಡು ಒಳಗ ಬಾ."

ಸೈದಪ್ಪ ಕಬ್ಬಿಣ ಕಟ್ಟುವವನು. ಸಳಿ, ಅಂದರೆ ಕಬ್ಬಿಣದ ಸರಳು, ಬಗ್ಗಿಸಿ, ತಂತಿ ಸುತ್ತಿ, ಕಾಂಕ್ರೀಟು ಬೀಳುವ ಮೊದಲೇ ಕಟ್ಟಡದ ಎಲುಬು ನಿಲ್ಲಿಸುವ ಕೆಲಸ. ಹ್ಯಾಮರು ಹೆಗಲಿಗೇರಿಸಿಕೊಂಡು ಒಳಗೆ ಹೋದ.

ಒಳಗೆ ಅವನು ಕಾಲಿಟ್ಟು ತಿಂಗಳಾಗಿತ್ತು. ಗಿಲಾವು ಮುಗಿದ ಮೇಲೆ ಬಡಗಿಗಳು, ಗಾಜಿನವರು ಬಂದಿದ್ದರು. ನಲವತ್ತು ಗುಮಾಸ್ತರು ಸಾಲಾಗಿ ಕೂರುವ ಹಾಲು, ಅದರ ನಡುವೆ ಗಾಳಿಯಲ್ಲಿ ನಿಂತ ಶೇಠರ ಕ್ಯಾಬಿನ್. ಕೆಳಗೆ ಕಂಬವಿಲ್ಲ. ಹಿಂದಿನ ಗೋಡೆಯಿಂದ ಎರಡು ಬೀಮು ಚಾಚಿ, ಅದರ ಮೇಲೆ ಸ್ಲ್ಯಾಬು, ಮೂರು ಕಡೆ ಗಾಜು. ಅಲ್ಲಿ ಕೂತರೆ ಕೆಳಗೆ ಯಾವ ಗುಮಾಸ್ತ ಆಕಳಿಸಿದ ಅನ್ನುವುದೂ ಕಾಣಬೇಕು, ಹಾಗೆ ಲೆಕ್ಕ ಹಾಕಿ ಮಾಡಿದ್ದರು ಆರ್ಕಿಟೆಕ್ಟ್ ಧರ್ಮಪಾಲ ಸಾಹೇಬರು. ಕ್ಯಾಬಿನ್ನಿನ ನೆಲಕ್ಕೆ ಅಂಚಿನಿಂದ ಅಂಚಿಗೆ ಕಾರ್ಪೆಟ್ ಅಂಟಿಸಿತ್ತು. ಆ ಒಂದು ಕೋಣೆಯಲ್ಲಿ ನಾಲೆ ದಂಡೆಯ ಐದು ಜೋಪಡಿ ಹಿಡಿಸುತ್ತಿದ್ದವು. ಅಲ್ಲಿ ಕೂರುವವನು ಒಬ್ಬನೇ.

ಆದರೆ ಬೀಮಿನ ತುದಿಗಳಿಗೆ ಇನ್ನೂ ಎರಡು ಬಲ್ಲಿ, ಮರದ ಆಸರೆಗಂಬ, ನಿಂತೇ ಇದ್ದವು. ಕನ್ನಡಕದ ಮುದುಕ ಇಂಜಿನಿಯರೊಬ್ಬ ಬೀಮಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಗಡಿಯಾರದಂಥ ಒಂದು ಯಂತ್ರ ಜೋಡಿಸುತ್ತಿದ್ದ. ಸೈದಪ್ಪ ಅದನ್ನು ಠಾಣೆ ಊರಿನ ಒಂದು ಸೈಟಿನಲ್ಲಿ ನೋಡಿದ್ದ. ಸ್ಲ್ಯಾಬಿನ ಮೇಲೆ ಮರಳಿನ ಚೀಲ ಪೇರಿಸಿ, ಆಸರೆ ತೆಗೆದು, ಭಾರಕ್ಕೆ ಬೀಮು ಎಷ್ಟು ಬಾಗಿತು ಅಂತ ಅದರ ಮುಳ್ಳಿನಲ್ಲಿ ಓದುತ್ತಾರೆ.

ಇಲ್ಲಿ ಒಂದೂ ಚೀಲ ಕಾಣಲಿಲ್ಲ. ಕ್ಯಾಬಿನ್ನಿಗೆ ಹತ್ತುವ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಬಕೀಟು ಇಟ್ಟು ಜನ ಕಾಲು ತೊಳೆದುಕೊಳ್ಳುತ್ತಿದ್ದರು. ತೊಳೆದವರು ತೊಳೆದಂತೆ ಮೇಲೆ ಹತ್ತುತ್ತಿದ್ದರು.

ಸೈದಪ್ಪ ಹಿಂದೆಯೇ ಒಳಗೆ ಬಂದ ಶಿವರಾಯನ ಕಡೆ ತಿರುಗಿದ.

"ಯಜಮಾನ್ರ, ಚೀಲ ಎಲ್ಲಿ ಅದಾವರಿ? ಉಸುಕಿನ ಚೀಲ?"

ಶಿವರಾಯ ಬಾಯಿ ತೆರೆಯುವ ಮೊದಲೇ ಇಂಜಿನಿಯರನ ಪಕ್ಕದಲ್ಲಿ ನಿಂತಿದ್ದ ಧರ್ಮಪಾಲ ಸಾಹೇಬರು ತಿರುಗಿದರು. ಮಂಗಳೂರು ಕಡೆಯವರು. ದನಿ ಮೃದು.

"ಚೀಲದಿಂದ ಮರಳು ಸೋರಿದ್ರೆ ಕಾರ್ಪೆಟ್ ಹಾಳಾಗ್ತದೆ ಮಾರಾಯ. ಒಂದು ಕಣ ಒಳಗೆ ಹೋದ್ರೆ ಮತ್ತೆ ಬರುವುದಿಲ್ಲ. ಜನ ಆದ್ರೆ ಕಾಲು ತೊಳ್ದು ಹೋಗ್ತಾರಲ್ಲ."

"ಹೊತ್ತು ಹಾಕೋ ಕೆಲಸನೂ ಉಳೀತು," ಅಂದ ಶಿವರಾಯ. "ಅರವತ್ತು ಚೀಲ ಸಿಮಿಟಿನ ಭಾರ ಬೇಕಂತ. ಅರವತ್ತು ಮಂದಿ ಸಾಕು ಅನ್ಕೊಂಡಿದ್ದೆ. ಹಲ್ಕಟ್ ನನ್ನ ಮಕ್ಳು, ಒಬ್ಬಂದೂ ಐವತ್ತು ಕಿಲೋ ತುಂಬವಲ್ದು! ಎಪ್ಪತ್ನಾಕು ಮಂದೀನ ಹತ್ತಸಬೇಕಾತು."

ಮೇಲೆ ಪತ್ರಾವಳಿ ಹಾಸುವ ಸದ್ದು, ಮಕ್ಕಳ ಕೇಕೆ. ಗಾಜಿನ ಆಚೆ ಮಾನಮ್ಮ ಕೂಸಿಗೆ ಕೆಳಗಿನ ಅಪ್ಪನನ್ನು ತೋರಿಸಿ ನಗುತ್ತಿದ್ದಳು.

ಆ ಬೀಮು ಕಟ್ಟಿದ ಕೈ ಸೈದಪ್ಪನದೇ. ಶಿವರಾತ್ರಿಯ ಹಿಂದಿನ ವಾರ. ನಕಾಶೆಯಲ್ಲಿ ಒಂದೊಂದು ಬೀಮಿಗೆ ಹೆಬ್ಬೆರಳು ಗಾತ್ರದ ಏಳು ಸಳಿ. ಶಿವರಾಯ ಪ್ರತಿ ಬೀಮಿನ ಮೂರನ್ನು ಲಾರಿಗೆ ಹೇರಿಸಿ ಬೇರೆ ಕಡೆ ಸಾಗಿಸಿ ಮಾರಿದ್ದ. "ಯಜಮಾನ್ರ, ಏಳು ಅದಾವಲ್ಲರಿ" ಅಂದಾಗ, "ನಕಾಶಿ ಓದ್ಲಕ್ಕ ಯಾವ ಸಾಲಿಗಿ ಹೋಗಿದ್ಯಲೇ? ನಾಕು ಕಟ್ಟು, ಬಾಯಿ ಮುಚ್ಚು" ಅಂದಿದ್ದ. ಸೈದಪ್ಪ ನಾಲ್ಕು ಕಟ್ಟಿದ. ಬಾಯಿಯನ್ನೂ ಮುಚ್ಚಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಂತೆ, ಮುಂದೆ ಅದರ ಮೇಲೆ ಗಾಜು ಬಂತು, ಕಾರ್ಪೆಟ್ ಬಂತು. ಗೋಡೆಯ ಹತ್ತಿರ ಕೂದಲೆಳೆಯಂಥ ಒಂದು ಬಿರುಕೂ ಬಂತು. ಅದನ್ನು ಕಂಡೇ ಇಂಜಿನಿಯರು ಭಾರ ಹಾಕಿ ನೋಡದೆ ಸಹಿ ಮಾಡುವುದಿಲ್ಲ ಅಂದಿದ್ದು. ಇವತ್ತೇ ಸಂಜೆ ಶೇಠರ ಅತಿಥಿಗಳು ಬರುವವರಿದ್ದರು.

"ಚಲೋ, ಬಲ್ಲಿ ನಿಕಾಲೋ," ಅಂದ ಇಂಜಿನಿಯರು ಮುಳ್ಳಿನ ಮೇಲೆ ಕಣ್ಣಿಟ್ಟು.

"ಹೊಡಿ," ಅಂದ ಶಿವರಾಯ. "ಬುಡಕ್ಕ ಎರಡು ಏಟು ಹಾಕು, ಹಾರ್ತದ."

ಸೈದಪ್ಪ ಹೊಡೆಯಲಿಲ್ಲ. ಹ್ಯಾಮರನ್ನು ನೆಲಕ್ಕೆ ಊರಿ, ಮೇಲೆ ನೋಡಿ ಒದರಿದ.

"ಮಾನೀ! ಇಳೀ! ಎಲ್ಲಾರೂ ಇಳಿರ್ಯೋ! ಊಟ ಅಲ್ಲ ಇದು, ನಿಮ್ಮನ್ನ ಭಾರಕ್ಕ ಕುಂದ್ರಿಸ್ಯಾರ!"

ಯಾರೂ ಏಳಲಿಲ್ಲ. ಮಾನಮ್ಮ ಮೆಟ್ಟಿಲ ತಲೆಗೆ ಬಂದು ಗದರಿದಳು.

"ಸುಮ್ಕಿರು, ಯಾಕ ಹಂಗ ಒದರ್ತಿ? ಪೂರಿ ಬಂದಾವ, ಜಿಲೇಬಿ ಬರ್ಲಕತ್ತಾವ. ನಿಂಗೂ ಕಟ್ಟಿಕೊಂಡು ಬರ್ತೀನಿ."

"ಜಿಲೇಬಿ ಹಾಳಾಗ್ಲಿ! ಬೀಮಿನ್ಯಾಗ ಸಳಿ ಇಲ್ಲಬೇ!"

ಕೆನ್ನೆಗೆ ಫಟಾರನೆ ಬಿತ್ತು. ಶಿವರಾಯನ ಎರಡನೇ ಏಟು ಕಿವಿಯ ಮೇಲೆ. "ಕುಡದಾನ್ರಿ ಸಾಹೇಬ್ರ, ಹೊತ್ತೇರೂದ್ರಾಗೇ ಕುಡದಾನ ಭಾಡ್ಯಾ."

"ಎಂತದು ಇವನದು?" ಧರ್ಮಪಾಲ ಸಾಹೇಬರ ಮುಖ ಗಂಟಾಯಿತು. "ನನ್ನ ಡ್ರಾಯಿಂಗಿನಲ್ಲಿ ಏಳು ಉಂಟು."

"ನಿಮ್ಮ ಕಾಗದದಾಗ ಏಳು ಅದಾವ್ರಿ. ಬೀಮಿನ್ಯಾಗ ನಾಕು. ಕಟ್ಟಿದವ ನಾನು."

ಅಂದ ಮೇಲೆ ತಾನು ಏನು ಅಂದೆ ಅನ್ನುವುದು ಅವನಿಗೇ ತಿಳಿಯಿತು. ಪೊಲೀಸರು ಬಂದರೆ ಮೊದಲು ಬೇಡಿ ಬೀಳುವುದು ಕಟ್ಟಿದ ಕೈಗೆ, ಮಾರಿದ ಕೈಗಲ್ಲ. ಬೀಳಲಿ. ಅವನು ಗಾರೆಯವರು ಮೂಲೆಯಲ್ಲಿ ಬಿಟ್ಟಿದ್ದ ಉಳಿಯನ್ನು ಎತ್ತಿಕೊಂಡು, ಬಣ್ಣದ ಡಬ್ಬಿಯ ಮೇಲೆ ಹತ್ತಿ, ಬೀಮಿನ ಬದಿಗೆ ಹಿಡಿದು ಹೊಡೆದ. ಬಿಳಿ ಗಿಲಾವು ಹೆಂಟೆ ಹೆಂಟೆಯಾಗಿ ಕಳಚಿತು. ಅಡಿಯ ಕಾಂಕ್ರೀಟು ಉದುರಿತು. ಶಿವರಾಯ ಅವನ ಸೊಂಟಕ್ಕೆ ಜೋತುಬಿದ್ದ. ಸೈದಪ್ಪ ಮೊಣಕೈಯಿಂದ ತಿವಿದು ಮತ್ತೆ ಹೊಡೆದ. ಮೊಳದುದ್ದ ಬಾಯಿ ಬಿಟ್ಟ ಬೀಮಿನೊಳಗೆ ತುಕ್ಕು ಬಣ್ಣದ ಸಳಿ ಕಂಡವು.

ಇಂಜಿನಿಯರು ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸಿದ. ಎರಡು ಸಲ ಎಣಿಸಿದ. ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸಿ, ಬಲ್ಲಿ ಮುಟ್ಟಬೇಡಿ ಅಂತ ಕೈ ಬೀಸಿದ.

"ಸಬ್ ಕೋ ಉತಾರೋ. ಅಭೀ. ಏಕ್ ಏಕ್ ಕರಕೆ. ಬಲ್ಲಿ ಕೋ ಹಾಥ್ ಮತ್ ಲಗಾನಾ."

"ಇಳಿರ್ಯೋ!" ಈಗ ಶಿವರಾಯನೇ ಮೇಲೆ ನೋಡಿ ಕೂಗಿದ. "ಸಾಕು ಉಂಡಿದ್ದು, ಇಳಿರಿ! ಜಿಲೇಬಿ ಕೆಳಗ ಕೊಡ್ತೀನಿ!"

ಮೇಲೆ ಬಾಯಿ ಆಡಿಸುವ ಸದ್ದು ನಿಂತಿತ್ತು. ಇಷ್ಟೂ ಮಾತು ಅವರ ಕಿವಿಗೆ ಬಿದ್ದಿತ್ತು. ತೆರೆದ ಬಾಗಿಲಿಗೆ ಬಂದು ಕೆಳಗೆ ಬಗ್ಗಿದವಳು ಮರಗಮ್ಮ.

"ಸೈದ್ಯಾ, ಖರೇನೇನೋ? ಎಷ್ಟು ಸಳಿ?"

"ನಾಕು ಬೇ, ಚಿಗವ್ವ. ನಂದೇ ತಪ್ಪು ಬೇ. ನಿನ್ನ ಕಾಲಿಗಿ ಬೀಳ್ತೀನಿ, ಇಳಿರಿ."

ಮುದುಕಿ ಕಾಲಡಿಯ ಕಾರ್ಪೆಟ್ಟನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ, "ಹುಡುಗುರೆಲ್ಲ ಕೆಳಗ ನಡೀರಿ. ಎಲ್ಯಾಗ ಇದ್ದದ್ದು ಕೈಯಾಗ ಹಿಡ್ಕೊಂಡು ನಡೀರಿ, ಓಡಬ್ಯಾಡ್ರಿ," ಅಂದಳು. ಮಕ್ಕಳು ಪೂರಿ ಹಿಡಿದುಕೊಂಡು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಕೊನೆಗೆ ಮಾನಮ್ಮ ಅರ್ಧ ಮೆಟ್ಟಿಲು ಇಳಿದು ಬಂದು ಕೂಸನ್ನು ಗಂಡನ ಕೈಗೆ ಕೊಟ್ಟಳು.

"ನೀನೂ ಬಾ," ಅಂದ ಸೈದಪ್ಪ. ಅವಳ ಸೆರಗು ಹಿಡಿದ.

"ಚಿಗವ್ವ ಇಳಿದ್ರ ಇಳೀತೀನಿ," ಅಂದು ಅವಳು ಸೆರಗು ಬಿಡಿಸಿಕೊಂಡು ಮತ್ತೆ ಹತ್ತಿದಳು.

ಮರಗಮ್ಮ ಇಳಿಯಲಿಲ್ಲ. ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಪಕ್ಕದವಳು ಕೂತಳು. ಎದ್ದು ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಕೂತರು.

"ಏ ಹುಚ್ಚ ಸೂಳೆಮಕ್ಳ್ಯಾ, ಸಾಯ್ತೀರಲೇ!" ಶಿವರಾಯ ಕೆಳಗಿನಿಂದ ಒದರಿದ.

"ಆಗಳೇ ಬಲ್ಲಿ ಹೊಡಿ ಅನ್ನಾಗ ಸಾಯ್ತಿದ್ದಿಲ್ಲೇನೋ?" ಅಂದಳು ಮರಗಮ್ಮ. "ನಾವು ಇಳದ್ರ ನೀ ನಾಳಿ ಅದಕ್ಕ ಗಿಲಾವು ಮೆತ್ತತಿ. ಸೈದ್ಯಾನ್ನ ಪೊಲೀಸ್ ಠಾಣಾಕ್ಕ ಕಳಸ್ತಿ. ಕರದು ಕೆರದಾಗ ಹೊಡದಂಗ ಮಾಡೀರಿ. ಊಟಕ್ಕ ಕರದವ ಪಂಕ್ತ್ಯಾಗ ಬಂದು ಉಣ್ರೀ ಅನಬೇಕು, ಜತಿಗಿ ಕುಂದ್ರಬೇಕು. ನಮ್ಮ ಕಡಿ ಪದ್ಧತಿ ಅದೇ ಅದಲ್ಲ ಶಿವರಾಯ, ನೀನೂ ಅದೇ ಕಡ್ಯಾವ. ನಿನ್ನ ಶೇಠನ್ನ ಕರಸು. ನೀನೂ ಬಾ. ಆ ನಕಾಶಿ ಬರದ ಸಾಹೇಬನ್ನೂ ಕರಕೊಂಡು ಬಾ. ಜತಿಗಿ ಉಂಡು, ಜತಿಗೇ ಇಳಿಯೂಣು."

ಧರ್ಮಪಾಲ ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಕ್ಯಾಬಿನ್ನಿನ ನೆರಳಿನಿಂದ ಆಚೆಗೆ. ಶಿವರಾಯ ಮೆಟ್ಟಿಲ ಮೊದಲ ಹಂತಕ್ಕೆ ಕಾಲಿಟ್ಟು, ಮೇಲೆ ನೋಡಿ, ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಇಂಜಿನಿಯರೊಬ್ಬನೇ ಯಂತ್ರದ ಮುಂದೆ ಕೂತಿದ್ದ. ಮುಳ್ಳು ಕೂದಲಿನಷ್ಟು ಸರಿದದ್ದನ್ನು ಅವನು ಯಾರಿಗೂ ಹೇಳಲಿಲ್ಲ, ಆದರೆ ಸೈದಪ್ಪ ನೋಡಿದ. ಬಲ್ಲಿಯ ತಲೆಯಿಂದ ಚೂರು ಸುಣ್ಣದ ಪುಡಿ ಉದುರಿ ಕೂಸಿನ ನೆತ್ತಿಯ ಮೇಲೆ ಬಿತ್ತು.

ಅವನು ಕೂಸನ್ನು ಪಕ್ಕದ ಹುಡುಗಿಯೊಬ್ಬಳ ಕೈಗೆ ಕೊಟ್ಟು, ಹೊರಗೆ ಹೋಗು ಅಂದ. ತಾನು ಬಲ್ಲಿಗೆ ಹೆಗಲು ಕೊಟ್ಟು, ಎರಡೂ ಕೈ ಸುತ್ತಿ ಹಿಡಿದ. ಮನುಷ್ಯನ ಹೆಗಲಿಂದ ನಿಲ್ಲುವ ಭಾರವಲ್ಲ ಅದು. ಗೊತ್ತಿದ್ದೂ ಹಿಡಿದ.

ಗೇಟಿನಲ್ಲಿ ಶೇಠರ ಕಾರು ಹಾರ್ನ್ ಹೊಡೆಯಿತು. ವಾಚಮನ್ ಓಡಿದ.

ಮೇಲೆ ಮಾನಮ್ಮ ಪಂಕ್ತಿಯನ್ನು ಅತ್ತಿತ್ತ ಸರಿಸಿ, ನಟ್ಟನಡುವೆ ಜಾಗ ಮಾಡಿ, ಶೇಠರಿಗೊಂದು ಎಲೆ ಹಾಕಿದಳು.